ಡೆನ್ಮಾರ್ಕಿನ ಅರಸನಾದ ನಾಲ್ಕನೆಯ ಕ್ರಿಸ್ಟಿಯನ್

ಯುರೋಪ್ ಖಂಡದ ಉತ್ತರ ದಿಕ್ಕಿನಲ್ಲಿ ಡೆನ್ಮಾರ್ಕ್ ಎಂಬ ಚಿಕ್ಕ ದೇಶವೊಂದುಂಟು. ಅದರ ಒಂದು ಭಾಗವು ಜರ್ಮನಿ ದೇಶಕ್ಕೆ ಅಂಟಿಕೊಂಡಿದೆ. ಮಿಕ್ಕದ್ದೆಲ್ಲಾ ದ್ವೀಪಗಳಾಗಿ ಸಮುದ್ರದಲ್ಲಿ ಹರಡಿದೆ. ಈಗ ಅದು ಸಣ್ಣ ರಾಜ್ಯವಾದರೂ ನಾನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ನಾರ್ವೆ ದೇಶವೂ ಐಸ್‌ಲ್ಯಾಂಡ್ ದ್ವೀಪವೂ ಈಗ ಸ್ವೀಡನಿಗೆ ಸೇರಿರುವ ಕೆಲವು ಫಲವತ್ತಾದ ಸೀಮೆಗಳೂ ಆಗ ಡೆನ್ಮಾರ್ಕಿನ ಅರಸನ ಕೈಯಲ್ಲಿದ್ದವು. ಆ ಕಾಲದಲ್ಲಿ ಅರುವತ್ತು ವರ್ಷಕ್ಕೆ ಸ್ವಲ್ಪ ಕಡಿಮೆಯಾಗಿ ಆಳಿದ ನಾಲ್ಕನೆಯ ಕ್ರಿಸ್ಟಿಯನ್ ಎಂಬವನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ. ಇಷ್ಟು ದೂರದ ಅರಸನ ಸುದ್ದಿ ನಮಗೇತಕ್ಕೆ ಎಂದು ಯಾರಾದರೂ ಕೇಳಿದರೆ ಇಷ್ಟನ್ನು ಹೇಳಬಹುದು. ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿ ಹೊಳೆಯು ತಮಿಳು ಸೀಮೆಯಲ್ಲಿ ಸಮುದ್ರವನ್ನು ಸೇರುವ ಸ್ಥಳಕ್ಕೆ ಸ್ವಲ್ಪ ದಕ್ಷಿಣದಲ್ಲಿ ತರಂಗಂಬಾಡಿ ಎಂಬ ಊರುಂಟು. ಅಲ್ಲಿ ಕಡಲ ದಡದಲ್ಲಿರುವ ಹಳೆಯ ಕೋಟೆಯನ್ನು ಕಟ್ಟಿಸಿದವರು ಈ ಅರಸನ ಜನರೇ. ಆ ಕೋಟೆಯ ನೆರಳಿನಲ್ಲಿ ಮುಂದೆ ಏನಾಯಿತೆಂಬದನ್ನು ಕಡೆಯಲ್ಲಿ ಹೇಳುವೆವು.

ಕ್ರಿಸ್ಟಿಯನನು 1577ನೇ ಇಸವಿಯ ಎಪ್ರಿಲ್ 12ನೇ ತಾರೀಕಿನಲ್ಲಿ ಫ್ರೆಡೆರಿಕ್ಸ್‌ಬೋರ್ಗ್ ಎಂಬ ಅರಮನೆಯಲ್ಲಿ ಹುಟ್ಟಿದನು. ಅವನ ತಂದೆ ಎರಡನೆಯ ಫ್ರೆಡೆರಿಕ್ ಅರಸನು. ತಾಯಿ ಸೋಫಿಯಾ ರಾಣಿಯು. ಹುಡುಗನಿಗೆ ಹನ್ನೊಂದು ವರ್ಷ ತುಂಬುವದಕ್ಕೆ ಕೆಲವೇ ದಿನಗಳಿರುವಾಗ, 1588ನೇ ಇಸವಿಯ ಎಪ್ರಿಲ್ ತಿಂಗಳಲ್ಲಿ ತಂದೆಯು ತೀರಿಹೋದನು. ಆಗಿನ ಡೆನ್ಮಾರ್ಕಿನಲ್ಲಿ ಅರಸನು ತನ್ನ ಇಷ್ಟದಂತೆ ಎಲ್ಲವನ್ನು ನಡಿಸುವ ಹಾಗಿರಲಿಲ್ಲ. ದೊಡ್ಡ ಭೂಮಾಲಿಕರಾದ ಪ್ರಭುಗಳು ಸೇರಿದ ರಾಜಸಭೆಯೊಂದಿತ್ತು. ಅರಸನನ್ನು ಆರಿಸುವವರು ಅವರೇ. ಪಟ್ಟವೇರುವವನು ಅವರ ಮುಂದೆ ಒಂದು ಒಡಂಬಡಿಕೆಯ ಪತ್ರಕ್ಕೆ ರುಜು ಹಾಕಬೇಕಿತ್ತು. ಅವರ ಸಮ್ಮತಿಯಿಲ್ಲದೆ ಯುದ್ಧಕ್ಕೆ ಹೊರಡಕೂಡದು, ಹೊಸ ತೆರಿಗೆ ಎತ್ತಕೂಡದು. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಲಿ. ಯಾಕಂದರೆ ಈ ಅರಸನ ಏಳಿಗೆಯೂ ಬೀಳೂ ಇದರಲ್ಲಿ ಅಡಗಿರುವವು.

ಹುಡುಗನು ಪ್ರಾಯಕ್ಕೆ ಬರುವ ತನಕ ನಾಲ್ಕು ಮಂದಿ ಪ್ರಭುಗಳು ರಾಜ್ಯವನ್ನು ನೋಡಿಕೊಂಡರು. ಅವರಲ್ಲಿ ಮುಖ್ಯನು ನೀಲ್ಸ್ ಕಾಸ್ ಎಂಬ ಪ್ರಧಾನಿ. ಹುಡುಗನು ಲತೀನ್ ಮುಂತಾದ ಭಾಷೆಗಳನ್ನೂ ಲೆಕ್ಕವನ್ನೂ ಚಿತ್ರ ಬರೆಯುವದನ್ನೂ ಕಲಿತನು. ಎಲ್ಲದಕ್ಕಿಂತ ಹೆಚ್ಚಾಗಿ ಹಡಗುಗಳ ಮೇಲೆ ಅವನಿಗೆ ಪ್ರೀತಿಯಿತ್ತು. 1592ರಲ್ಲಿ ಅವನು ಹ್ವೇನ್ ದ್ವೀಪಕ್ಕೆ ಹೋಗಿ, ನಕ್ಷತ್ರಗಳನ್ನು ಅಳೆಯುತ್ತಿದ್ದ ಟೀಕೋ ಬ್ರಾಹೆ ಎಂಬ ಲೋಕಪ್ರಸಿದ್ಧ ಪಂಡಿತನ ಯಂತ್ರಗಳನ್ನು ನೋಡಿಬಂದನು. ನೀಲ್ಸ್ ಕಾಸನು 1594ರಲ್ಲಿ ಸಾಯುವದಕ್ಕೆ ಮೊದಲು ರಾಜಕುಮಾರನನ್ನು ಹಾಸಿಗೆಯ ಬಳಿಗೆ ಕರೆಸಿ, ಕಿರೀಟವೂ ರಾಜದಂಡವೂ ಇದ್ದ ಕೋಣೆಯ ಬೀಗದ ಕೈಯನ್ನು ಅವನ ಕೈಯಲ್ಲಿಟ್ಟನೆಂದು ಡೇನ್ ಜನರು ಇಂದಿಗೂ ಹೇಳಿಕೊಳ್ಳುತ್ತಾರೆ.

1596ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ರಾಜಧಾನಿಯಾದ ಕೋಪನ್‌ಹೇಗನಿನ ದೇವಾಲಯದಲ್ಲಿ ಅವನಿಗೆ ಪಟ್ಟಾಭಿಷೇಕವಾಯಿತು. ಆಗ ಅವನಿಗೆ ಹತ್ತೊಂಭತ್ತು ವರ್ಷ. ಅದಕ್ಕೋಸ್ಕರ ಹೊಸ ಚಿನ್ನದ ಕಿರೀಟವನ್ನು ಮಾಡಿಸಿದ್ದರು. ವಜ್ರಗಳನ್ನೂ ಮುತ್ತುಗಳನ್ನೂ ಕೂಡಿಸಿದ ಆ ಕಿರೀಟದಲ್ಲಿ ಹೆಜ್ಜಾರ್ಲೆ ಎಂಬ ನೀರುಹಕ್ಕಿಯ ಆಕಾರವುಂಟು. ಆ ಹಕ್ಕಿಯು ತನ್ನ ಎದೆಯನ್ನು ತಾನೇ ಕುಕ್ಕಿ ರಕ್ತದಿಂದ ಮರಿಗಳನ್ನು ಸಾಕುವದೆಂದು ಹಿಂದಿನವರು ನಂಬಿದ್ದರು. ಅರಸನಾದವನು ತನ್ನ ಪ್ರಜೆಗಳಿಗೋಸ್ಕರ ತನ್ನನ್ನೇ ಕೊಡಬೇಕೆಂಬದು ಅದರ ಗುರುತು. ಇದಲ್ಲದೆ ಆತನು ತನಗೊಂದು ಧ್ಯೇಯವಾಕ್ಯವನ್ನು ಆರಿಸಿಕೊಂಡನು. ದೇವಭಕ್ತಿಯೇ ರಾಜ್ಯಗಳನ್ನು ಸ್ಥಿರಪಡಿಸುವದೆಂದು ಅದರ ತಾತ್ಪರ್ಯ. ಲತೀನ್ ಭಾಷೆಯ ಮೂರು ಶಬ್ದಗಳುಳ್ಳ ಆ ವಾಕ್ಯದ ಮೊದಲಕ್ಷರಗಳಾದ ಆರ್, ಎಫ್, ಪಿ ಎಂಬವುಗಳನ್ನು ತಾನು ಕಟ್ಟಿಸಿದ ಕಟ್ಟಡಗಳ ಗೋಡೆಗಳ ಮೇಲೆ ಕೆತ್ತಿಸಿದನು.

ಈ ಯೌವನಸ್ಥನಾದ ಅರಸನು ಮೈಗಳ್ಳನಾಗಿರಲಿಲ್ಲ. 1599ರಲ್ಲಿ ಅವನು ಸಾಧಾರಣ ಕಪ್ತಾನನ ಹೆಸರನ್ನಿಟ್ಟುಕೊಂಡು ಹಡಗನ್ನೇರಿ, ನಾರ್ವೆಯ ಕರಾವಳಿಯನ್ನು ಹಿಡಿದು ಭೂಮಿಯ ಉತ್ತರದ ಅಂಚಿನ ವರೆಗೆ ತನ್ನ ರಾಜ್ಯದ ಮೇರೆಯನ್ನು ನೋಡಿಬಂದನು. ಅಷ್ಟು ದೂರ ಡೆನ್ಮಾರ್ಕಿನ ಯಾವ ಅರಸನೂ ಅದಕ್ಕೆ ಮುಂಚೆ ಹೋಗಿರಲಿಲ್ಲ. ಹಡಗು ಕಟ್ಟುವಲ್ಲಿ ಬಡಗಿಗಳ ಸಂಗಡ ನಿಂತು ಅಳತೆಗಳನ್ನು ವಿಚಾರಿಸುವನು. ಗೋಡೆ ಕಟ್ಟುವಲ್ಲಿ ಕಲ್ಲು ಸುಣ್ಣಗಳ ಕ್ರಯವನ್ನು ಕೇಳುವನು. ಆತನು ಸ್ವಹಸ್ತದಿಂದ ಬರೆದ ಸುಮಾರು ಮೂರು ಸಾವಿರ ಕಾಗದಗಳು ಈಗಲೂ ಉಳಿದಿರುತ್ತವೆ. ಯುದ್ಧ ಸಮಾಧಾನಗಳ ಮಾತಿನ ಜೊತೆಯಲ್ಲೇ ಬಟ್ಟೆಯ ಮಾತೂ ಅಡಿಗೆಮನೆಯ ಮಾತೂ ಅವುಗಳಲ್ಲಿ ಕಾಣುತ್ತವೆ. ಚಿಕ್ಕ ಸಂಗತಿಯನ್ನು ಸಹ ತಾನೇ ನೋಡಬೇಕೆಂಬದು ಅವನ ಗುಣವಾಗಿತ್ತು. ಆದರೆ ಚಿಕ್ಕ ಲೆಕ್ಕಗಳನ್ನು ಇಷ್ಟು ಬಿಗಿಯಾಗಿ ನೋಡಿದ ಈ ಅರಸನು ದೊಡ್ಡ ಲೆಕ್ಕದಲ್ಲಿ ತಪ್ಪಿದ್ದು ಹೇಗೆಂಬದೇ ಅವನ ಚರಿತ್ರೆಯ ಸಾರವು.

ಅವನ ಐಶ್ವರ್ಯಕ್ಕೆ ಒಂದು ವಿಶೇಷವಾದ ಮೂಲವಿತ್ತು. ಬಾಲ್ಟಿಕ್ ಸಮುದ್ರಕ್ಕೆ ಹೋಗುವ ಹಡಗುಗಳು ಓರೆಸುಂಡ್ ಎಂಬ ಕಿರಿದಾದ ಜಲಸಂಧಿಯನ್ನು ದಾಟಬೇಕು. ಆಗ ಅದರ ಎರಡು ದಡಗಳೂ ಡೇನರವೇ. ಹೆಲ್ಸಿಂಗೋರ್ ಎಂಬಲ್ಲಿ ಕ್ರೋನ್‌ಬೋರ್ಗ್ ಕೋಟೆಯ ತೋಪುಗಳ ಮುಂದೆ ಹಡಗುಗಳು ನಿಂತು ಸುಂಕವನ್ನು ಸಲ್ಲಿಸಿಯೇ ಮುಂದೆ ಸಾಗಬೇಕು. ಊರ ಬಾಗಿಲಲ್ಲಿ ಕೂತ ಸುಂಕದವನಿಗೆ ಹೋಗುವವರೂ ಬರುವವರೂ ಕೊಟ್ಟಂತೆ, ಹಾಲೆಂಡ್ ಇಂಗ್ಲೆಂಡ್ ಮೊದಲಾದ ದೇಶಗಳ ವ್ಯಾಪಾರಿಗಳು ಇಲ್ಲಿ ಹಣ ಕೊಡುತ್ತಿದ್ದರು. ಈ ಸುಂಕವು ನೇರವಾಗಿ ಅರಸನ ಸ್ವಂತ ಬೊಕ್ಕಸಕ್ಕೆ ಬೀಳುತ್ತಿದ್ದರಿಂದ ರಾಜಸಭೆಯ ಪ್ರಭುಗಳನ್ನು ಕೇಳದೆ ಖರ್ಚು ಮಾಡುವದಕ್ಕೆ ಅವನಿಗೆ ಅನುಕೂಲವಾಯಿತು. 1611ರಲ್ಲಿ ಆತನು ಸ್ವೀಡನಿನ ಮೇಲೆ ಯುದ್ಧ ಮಾಡಬೇಕೆಂದಾಗ ಪ್ರಭುಗಳು ಹಿಂದೆಗೆದರು. ಹೋಲ್‌ಸ್ಟೈನ್ ಎಂಬ ಜರ್ಮನ್ ಸೀಮೆಗೂ ತಾನು ದೊರೆಯಾದ ಕಾರಣ, ಆ ಹೆಸರಿನಿಂದಲೇ ಯುದ್ಧಕ್ಕೆ ಹೋಗುವೆನೆಂದು ಹೆದರಿಸಿ ಅವರನ್ನು ಒಪ್ಪಿಸಿದನು. ಆ ಯುದ್ಧದಲ್ಲಿ ಅವನಿಗೆ ಜಯವಾಯಿತು. 1613ರಲ್ಲಿ ಸಮಾಧಾನವಾದಾಗ ಸ್ವೀಡನಿನವರು ತಮ್ಮ ಎಲ್ವ್ಸ್‌ಬೋರ್ಗ್ ಕೋಟೆಯನ್ನು ಬಿಡಿಸಿಕೊಳ್ಳುವದಕ್ಕಾಗಿ ಹತ್ತು ಲಕ್ಷ ಬೆಳ್ಳಿಯ ನಾಣ್ಯಗಳನ್ನು ತೆರಬೇಕಾಯಿತು. ಅರಸನು ಯುರೋಪಿನ ಧನವಂತರಾದ ದೊರೆಗಳಲ್ಲಿ ಒಬ್ಬನಾದನು. ಆಲೋಚನೆ ಹೇಳಿದವರ ಮಾತನ್ನು ತಳ್ಳಿಯೂ ಗೆಲ್ಲಬಹುದೆಂದು ಅವನು ಕಲಿತದ್ದು ಆಗಲೇ. ಅಪಾಯವಾದ ಪಾಠವು ಹೆಚ್ಚಾಗಿ ಜಯದ ದಿನದಲ್ಲೇ ಕಲಿಯಲ್ಪಡುವದು.

ಆ ಹಣದಿಂದ ಅವನು ಬಹಳವಾಗಿ ಕಟ್ಟಿಸಿದನು. ತಾನು ಹುಟ್ಟಿದ ಫ್ರೆಡೆರಿಕ್ಸ್‌ಬೋರ್ಗನ್ನು ಕೆಡವಿ, ಕೆರೆಯ ನಡುವೆ ಕೆಂಪು ಇಟ್ಟಿಗೆಯ ಭವ್ಯವಾದ ಅರಮನೆಯನ್ನೆಬ್ಬಿಸಿದನು. ಕೋಪನ್‌ಹೇಗನಿನಲ್ಲಿ ರೊಸೆನ್‌ಬೋರ್ಗ್ ಎಂಬ ತೋಟದ ಅರಮನೆಯನ್ನೂ, ಆಯುಧಶಾಲೆಯನ್ನೂ, ನಾವಿಕರಿಗಾಗಿ ದೇವಾಲಯವನ್ನೂ, ವರ್ತಕರಿಗಾಗಿ ಉದ್ದವಾದ ವ್ಯಾಪಾರಮಂದಿರವನ್ನೂ ಕಟ್ಟಿಸಿದನು. ಆ ವ್ಯಾಪಾರಮಂದಿರದ ಶಿಖರವು ನಾಲ್ಕು ಘಟಸರ್ಪಗಳು ಬಾಲಗಳನ್ನು ಹೆಣೆದುಕೊಂಡಂತೆ ಇತ್ತು. ಅದು ಸುಮಾರು ನಾನೂರು ವರ್ಷ ನಿಂತಿದ್ದು 2024ನೇ ಇಸವಿಯ ಎಪ್ರಿಲ್ 16ರಂದು ಬೆಂಕಿಗೆ ತುತ್ತಾಗಿ ಬಿತ್ತು. ಹೊಸ ಪಟ್ಟಣಗಳನ್ನೂ ಸ್ಥಾಪಿಸಿದನು. 1624ರಲ್ಲಿ ನಾರ್ವೆಯ ಓಸ್ಲೋ ಪಟ್ಟಣವು ಸುಟ್ಟುಹೋದಾಗ ಅರಸನು ತಾನೇ ಅಲ್ಲಿಗೆ ಹೋಗಿ, ಕೋಟೆಯ ಬಳಿಯಲ್ಲಿ ನೆಟ್ಟಗಿನ ಬೀದಿಗಳುಳ್ಳ ಹೊಸ ಊರನ್ನು ಗೊತ್ತುಮಾಡಿ ತನ್ನ ಹೆಸರನ್ನಿಟ್ಟನು. ಆ ಹೆಸರು ಮುನ್ನೂರು ವರ್ಷ ಇದ್ದು, 1925ರಲ್ಲಿ ಓಸ್ಲೋ ಎಂಬ ಹಳೆಯ ಹೆಸರು ತಿರಿಗಿ ಬಂತು. ತನ್ನ ನೌಕಾದಳದ ನಾವಿಕರು ಹೆಂಡತಿ ಮಕ್ಕಳೊಂದಿಗೆ ವಾಸಿಸುವಂತೆ 1631ರಿಂದ ಸಾಲುಸಾಲಾಗಿ ಚಿಕ್ಕ ಮನೆಗಳನ್ನು ಕಟ್ಟಿಸಿದನು. ಅವುಗಳಲ್ಲಿ ಒಂದು ಸಾಲು ಇನ್ನೂ ನಿಂತಿದೆ. ದಿಕ್ಕಿಲ್ಲದ ಮಕ್ಕಳಿಗೂ ಬೀದಿಯಲ್ಲಿ ತಿರುಗುವವರಿಗೂ ಒಂದು ಮನೆಯನ್ನೇರ್ಪಡಿಸಿ, ಕಠಿಣ ಶಿಕ್ಷೆಯ ಕೆಳಗೆ ನೂಲುವದನ್ನೂ ನೇಯುವದನ್ನೂ ಕಲಿಸಿದನು.

ದೇವರ ವಾಕ್ಯದ ಕಡೆಗೂ ಅವನ ಲಕ್ಷ್ಯವಿತ್ತು. ಲೂಥರನ ಉಪದೇಶವು ಆ ದೇಶದಲ್ಲಿ 1536ರಲ್ಲಿಯೇ ಸ್ಥಾಪಿತವಾಗಿತ್ತು. ಡೇನ್ ಭಾಷೆಯ ಸತ್ಯವೇದವನ್ನು ತಿದ್ದಿಸಿ 1633ರಲ್ಲಿ ಅಚ್ಚು ಹಾಕಿಸಿದನು. ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೆ ಅದೇ ಕೈಯಿಂದ 1617ರಲ್ಲಿ ಮಾಟಗಾತಿಯರ ವಿಷಯವಾದ ಕ್ರೂರವಾದ ಕಾನೂನು ಹೊರಟಿತೆಂಬದನ್ನು ಮುಚ್ಚಕೂಡದು. ಲೂಥರನ ಸುಧಾರಣೆಯ ನೂರನೆಯ ವರ್ಷದ ಹಬ್ಬವನ್ನು ಆಚರಿಸುವ ಹೊತ್ತಿನಲ್ಲೇ ಅದು ಪ್ರಕಟವಾಯಿತು. ಮುಂದಿನ ವರ್ಷಗಳಲ್ಲಿ ಅನೇಕರನ್ನು ಹಿಡಿದು ಸುಟ್ಟರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಅದರಲ್ಲೂ ಬಡವರು. ಹಸು ಸತ್ತರೆ, ಮಗುವಿಗೆ ಕಾಯಿಲೆಯಾದರೆ, ನೆರೆಯವಳ ಕಣ್ಣೇ ಕಾರಣವೆಂದು ದೂರುವ ಭಯವು ಯಾವ ದೇಶಕ್ಕೂ ಹೊಸದಲ್ಲ. ದೇವಭಕ್ತಿಯ ಹೆಸರಿನಲ್ಲಿ ಆ ಭಯಕ್ಕೆ ಕಾನೂನಿನ ಕತ್ತಿ ಸಿಕ್ಕಿದಾಗ ಎಷ್ಟು ಹಾನಿಯಾಗುವದೆಂದು ಇದರಿಂದ ತಿಳಿಯಬಹುದು.

ದೂರದ ದೇಶಗಳ ಆಶೆಯೂ ಅವನನ್ನು ಎಳೆಯಿತು. 1619ರಲ್ಲಿ ಯೆನ್ಸ್ ಮುಂಕ್ ಎಂಬ ಧೀರನಾದ ನಾವಿಕನನ್ನು ಎರಡು ಹಡಗುಗಳೊಂದಿಗೆ ಕಳುಹಿಸಿ, ಅಮೇರಿಕಾದ ಉತ್ತರದ ಹಿಮಸಮುದ್ರದೊಳಗಿಂದ ಪೂರ್ವದೇಶಗಳಿಗೆ ದಾರಿಯನ್ನು ಹುಡುಕಿಸಿದನು. ದಾರಿ ಸಿಕ್ಕಲಿಲ್ಲ. ಹಡ್ಸನ್ ಕೊಲ್ಲಿಯಲ್ಲಿ ಚಳಿಗಾಲವನ್ನು ಕಳೆಯುವಾಗ ಸ್ಕರ್ವಿ ಎಂಬ ವಸಡು ಕೊಳೆಯುವ ರೋಗವು ಹಿಡಿದು, ಅರುವತ್ತಕ್ಕೂ ಹೆಚ್ಚು ಜನರಲ್ಲಿ ಮುಂಕನೂ ಇನ್ನಿಬ್ಬರೂ ಮಾತ್ರ ಉಳಿದರು. ಆ ಮೂವರೇ ಚಿಕ್ಕ ಹಡಗನ್ನು ನಡಿಸಿಕೊಂಡು 1620ರಲ್ಲಿ ಊರನ್ನು ಮುಟ್ಟಿದರು. ಅದಕ್ಕೆ ಮುಂಚೆ 1616ರಲ್ಲಿ ಅರಸನು ಒಂದು ಈಸ್ಟ್ ಇಂಡಿಯಾ ಕಂಪೆನಿಗೆ ಸನದನ್ನು ಕೊಟ್ಟಿದ್ದನು. 1618ರಲ್ಲಿ ಓವೆ ಯೆಡ್ಡೆ ಎಂಬ ಇಪ್ಪತ್ತಮೂರು ವರ್ಷದ ಪ್ರಭುವಿನ ಕೈಕೆಳಗೆ ಹಡಗುಗಳು ಹೊರಟು, ದಾರಿಯಲ್ಲಿ ಬಹಳ ಜನರನ್ನು ಕಳಕೊಂಡು ಸಿಂಹಳಕ್ಕೆ ಬಂದು, ಅಲ್ಲಿ ಕೆಲಸ ಕೈಗೂಡದೆ ಚೋಳಮಂಡಲದ ಕರಾವಳಿಯನ್ನು ಸೇರಿದವು. 1620ನೇ ಇಸವಿಯ ನವೆಂಬರ್ ತಿಂಗಳಲ್ಲಿ ತಂಜಾವೂರಿನ ದೊರೆಯಾದ ರಘುನಾಥ ನಾಯಕನು ತರಂಗಂಬಾಡಿಯಲ್ಲಿ ಕೋಟೆ ಕಟ್ಟಿಕೊಂಡು ವ್ಯಾಪಾರ ಮಾಡುವದಕ್ಕೆ ಅವರಿಗೆ ಅಪ್ಪಣೆಯನ್ನಿತ್ತನು. ಆ ಕೋಟೆಗೆ ಡಾನ್ಸ್‌ಬೋರ್ಗ್ ಎಂದು ಹೆಸರು. ಅರಸನು ಅಲ್ಲಿಂದ ಮೆಣಸನ್ನೂ ಲಾಭವನ್ನೂ ನಿರೀಕ್ಷಿಸಿದನು. ಹಡಗುಗಳು ಬಂದದ್ದು ಸ್ವಲ್ಪ, ನಷ್ಟವಾದದ್ದು ಬಹಳ.

ಇನ್ನು ಅವನ ಬದುಕಿನ ದೊಡ್ಡ ತಪ್ಪಿನ ಬಳಿಗೆ ಬಂದೆವು. 1618ರಲ್ಲಿ ಜರ್ಮನಿ ದೇಶದಲ್ಲಿ ಮೂವತ್ತು ವರ್ಷಗಳ ಯುದ್ಧವು ಪ್ರಾರಂಭವಾಗಿತ್ತು. ರೋಮನ್ ಕಥೋಲಿಕನಾದ ಚಕ್ರವರ್ತಿ ಫರ್ಡಿನಾಂಡನ ಸೈನ್ಯಗಳ ಮುಂದೆ ಪ್ರೊಟೆಸ್ಟಂಟ್ ದೊರೆಗಳು ಒಬ್ಬರ ಹಿಂದೆ ಒಬ್ಬರು ಸೋತುಹೋದರು. ಸುವಾರ್ತೆಯ ಸಭೆಗಳನ್ನು ಕಾಪಾಡಬೇಕೆಂಬ ಚಿಂತೆ ಕ್ರಿಸ್ಟಿಯನನಿಗೆ ನಿಜವಾಗಿಯೂ ಇತ್ತು. ಆದರೆ ಅದರ ಸಂಗಡ ಬೇರೆ ಎರಡು ಆಶೆಗಳು ಬೆರೆತುಕೊಂಡಿದ್ದವು. ಉತ್ತರ ಜರ್ಮನಿಯ ಬಿಷಪ್ ಸೀಮೆಗಳನ್ನು ತನ್ನ ಕುಮಾರರಿಗೆ ದೊರಕಿಸಬೇಕೆಂಬದು ಒಂದು. ಅಲ್ಲಿಯ ದೊಡ್ಡ ಹೊಳೆಗಳ ವ್ಯಾಪಾರವನ್ನು ಹಿಡಿಯಬೇಕೆಂಬದು ಮತ್ತೊಂದು. ಸ್ವೀಡನಿನ ಅರಸನಾದ ಗುಸ್ತಾವ್ ಅಡೋಲ್ಫನು ಮುಂದಾಳಾಗಿ ಕೀರ್ತಿ ಹೊಂದುವನೆಂಬ ಹೊಟ್ಟೆಕಿಚ್ಚೂ ಇಲ್ಲದೆ ಇರಲಿಲ್ಲ. ರಾಜಸಭೆಯ ಪ್ರಭುಗಳು ಸ್ಪಷ್ಟವಾಗಿ ಬೇಡವೆಂದರು. ಅರಸನು ಅವರ ಮಾತನ್ನು ಕೇಳಲಿಲ್ಲ. 1625ರಲ್ಲಿ ಡೆನ್ಮಾರ್ಕಿನ ಅರಸನಾಗಿ ಅಲ್ಲ, ಹೋಲ್‌ಸ್ಟೈನಿನ ದೊರೆಯಾಗಿ, ತನ್ನ ಸ್ವಂತ ಹಣದಿಂದ ಸಂಬಳದ ಸಿಪಾಯಿಗಳನ್ನು ಕೂಡಿಸಿಕೊಂಡು ಹೊರಟನು. ಗೋಪುರ ಕಟ್ಟುವವನ ಲೆಕ್ಕವನ್ನೂ ಯುದ್ಧಕ್ಕೆ ಹೊರಡುವ ಅರಸನ ಆಲೋಚನೆಯನ್ನೂ ಕುರಿತು ನಮ್ಮ ಕರ್ತನು ಹೇಳಿದ ಸಾಮ್ಯವು ವಾಚಕರಿಗೆ ಗೊತ್ತುಂಟು. ಕ್ರಿಸ್ಟಿಯನನು ಅದನ್ನು ಎಷ್ಟೋ ಸಾರಿ ಓದಿರಬೇಕು.

ಪ್ರಾರಂಭದಲ್ಲೇ ಒಂದು ಕೇಡಾಯಿತು. ಆ ವರ್ಷ ಜುಲೈ ತಿಂಗಳಲ್ಲಿ ಹಾಮೆಲ್ನ್ ಪಟ್ಟಣದ ಕೋಟೆಗೋಡೆಯ ಮೇಲೆ ಕುದುರೆ ಸವಾರಿ ಮಾಡುತ್ತಿರುವಾಗ ಅರಸನು ಕುದುರೆ ಸಹಿತ ಕೆಳಗೆ ಬಿದ್ದು, ಬಹಳ ಹೊತ್ತು ಎಚ್ಚರವಿಲ್ಲದೆ ಮಲಗಿದನು. ಡಿಸೆಂಬರ್ ತಿಂಗಳಲ್ಲಿ ಪ್ರಾರ್ಥನೆ ಮಾಡುವಾಗ ಮುಳ್ಳಿನ ಕಿರೀಟವನ್ನು ಧರಿಸಿ ಹಾಸ್ಯಕ್ಕೆ ಗುರಿಯಾದ ಕ್ರಿಸ್ತನನ್ನು ಕಂಡೆನೆಂದು ಬರೆದಿಟ್ಟು, ಅದರ ಚಿತ್ರವನ್ನೂ ಮಾಡಿಸಿದನು. ಇಂಗ್ಲೆಂಡಿನಿಂದ ಬರಬೇಕಾದ ಹಣವು ಹೆಚ್ಚಾಗಿ ಬರಲೇ ಇಲ್ಲ. 1626ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ಲುಟರ್ ಎಂಬ ಊರ ಬಳಿಯಲ್ಲಿ ಚಕ್ರವರ್ತಿಯ ಪಕ್ಷದ ದಳವಾಯಿಯಾದ ಟಿಲ್ಲಿಯು ಅವನನ್ನು ಹಿಂದಟ್ಟಿ ಹಿಡಿದನು. ಅರಸನು ಸೈನ್ಯದ ನಡುವೆ ಧೈರ್ಯದಿಂದ ಹೋರಾಡಿದನು. ಆದರೂ ಪೂರ್ಣವಾಗಿ ಸೋತನು. ಸಾವಿರಾರು ಜನರು ಸತ್ತರು, ತೋಪುಗಳು ಶತ್ರುಗಳ ಕೈಸೇರಿದವು, ಅರಸನು ಪ್ರಾಣದೊಂದಿಗೆ ತಪ್ಪಿಸಿಕೊಂಡದ್ದೇ ಹೆಚ್ಚು.

ಮುಂದಿನ ವರ್ಷ ವಾಲೆನ್‌ಸ್ಟೈನ್ ಎಂಬ ಸೇನಾಪತಿಯ ದಂಡು ಡೆನ್ಮಾರ್ಕಿನ ಯೂಟ್‌ಲ್ಯಾಂಡ್ ಸೀಮೆಗೇ ನುಗ್ಗಿತು. ಯುದ್ಧವನ್ನು ಬೇಡವೆಂದವರ ಹೊಲಗಳಲ್ಲಿಯೇ ಯುದ್ಧವು ಬಂದು ಬೀಡುಬಿಟ್ಟಿತು. ದಂಡಿಗೆ ಅನ್ನ ಹಾಕಬೇಕಾದವನು ಒಕ್ಕಲಿಗನು. ಅವನ ಕಣಜದ ಧಾನ್ಯವೂ ಕೊಟ್ಟಿಗೆಯ ದನವೂ ಹೋದವು. ಅನೇಕರು ಮನೆಗಳನ್ನು ಬಿಟ್ಟು ದೋಣಿಗಳಲ್ಲಿ ದ್ವೀಪಗಳಿಗೆ ಓಡಿಹೋದರು. ಅರಸನ ಹಡಗುಗಳು ಸಮುದ್ರವನ್ನು ಕಾಯುತ್ತಿದ್ದದರಿಂದ ದ್ವೀಪಗಳು ಮಾತ್ರ ಉಳಿದವು. ಆ ಹಡಗುಗಳ ನಿಮಿತ್ತವೇ 1629ರಲ್ಲಿ ಲ್ಯೂಬೆಕ್ ಪಟ್ಟಣದಲ್ಲಿ ಸಮಾಧಾನವಾದಾಗ ಅವನು ಕಳಕೊಂಡ ಭೂಮಿಯು ತಿರಿಗಿ ದೊರೆಯಿತು. ಜರ್ಮನಿಯ ಸಂಗತಿಗಳಲ್ಲಿ ಇನ್ನು ಕೈಹಾಕುವದಿಲ್ಲವೆಂದು ಅವನು ಮಾತು ಕೊಡಬೇಕಾಯಿತು. ಅದೇ ವರ್ಷ ಒಂದು ಸಭಾಕಾನೂನನ್ನು ಹೊರಡಿಸಿ, ದೇಶದ ಪಾಪಗಳ ನಿಮಿತ್ತ ದೇವರು ಶಿಕ್ಷಿಸಿದನೆಂದೂ, ಎಲ್ಲರೂ ದೇವಾಲಯಕ್ಕೆ ತಪ್ಪದೆ ಬರಬೇಕೆಂದೂ, ಜನರ ನಡತೆಯನ್ನು ನೋಡುವದಕ್ಕೆ ಪ್ರತಿ ಸಭೆಯಲ್ಲೂ ಬೋಧಕನಿಗೆ ಸಹಾಯಕರಿರಬೇಕೆಂದೂ ಆಜ್ಞಾಪಿಸಿದನು. ಪ್ರಜೆಗಳ ಪಾಪವನ್ನು ಅಳೆಯುವದು ಅರಸನಿಗೆ ಸುಲಭವಾಗಿ ಕಂಡಿತು. ತನ್ನ ಹಟವನ್ನು ಆ ತಕ್ಕಡಿಯಲ್ಲಿ ಇಡುವದು ಅಷ್ಟು ಸುಲಭವಾಗಿರಲಿಲ್ಲ.

ಮನೆಯೊಳಗೂ ಶಾಂತಿಯಿರಲಿಲ್ಲ. ರಾಣಿಯಾದ ಆನ್ನಾ ಕತ್ರೀನಳು 1612ರಲ್ಲಿ ಸತ್ತಿದ್ದಳು. 1615ರಲ್ಲಿ ಆತನು ಕೀರ್ಸ್ಟೆನ್ ಮುಂಕ್ ಎಂಬ ಪ್ರಭುಪುತ್ರಿಯನ್ನು ಮದುವೆಮಾಡಿಕೊಂಡನು. ಅವಳಿಗೆ ರಾಣಿಯ ಪದವಿಯಿರಲಿಲ್ಲ. ಅವಳು ಹನ್ನೆರಡು ಮಕ್ಕಳನ್ನು ಹೆತ್ತ ಮೇಲೆ ಅರಸನು ಅವಳ ಮೇಲೆ ಸಂಶಯಪಟ್ಟು ದೂರಮಾಡಿದನು. ಮದ್ಯಪಾನದಲ್ಲಿಯೂ ಸ್ತ್ರೀಯರ ವಿಷಯದಲ್ಲಿಯೂ ಅವನು ತನ್ನನ್ನು ಬಿಗಿಹಿಡಿಯಲಿಲ್ಲ. ಬೇರೆ ಬೇರೆ ಸ್ತ್ರೀಯರಿಂದ ಅವನಿಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಾದರು. ಹೆಣ್ಣುಮಕ್ಕಳನ್ನು ದೊಡ್ಡ ಪ್ರಭುಗಳಿಗೆ ಕೊಟ್ಟು ಬಲವನ್ನು ಹೆಚ್ಚಿಸಿಕೊಳ್ಳಬೇಕೆಂದು ಎಣಿಸಿದ್ದನು. ಆ ಅಳಿಯಂದಿರೇ ಕಡೆಗೆ ಅವನಿಗೆ ಎದುರಾಗಿ ನಿಂತರು.

ಬೊಕ್ಕಸವು ಬರಿದಾಯಿತು. ಪ್ರಭುಗಳು ತೆರಿಗೆ ಕೊಡುವವರಲ್ಲ. ಒಕ್ಕಲಿಗರಲ್ಲಿ ಕೊಡುವದಕ್ಕೆ ಉಳಿದದ್ದು ಸ್ವಲ್ಪ. ಆಗ ಅರಸನು ಓರೆಸುಂಡಿನ ಸುಂಕವನ್ನು ಮೇಲಿಂದ ಮೇಲೆ ಏರಿಸಿದನು. ಕೋಪನ್‌ಹೇಗನಿನ ಜನರು ಗೋಡೆಗಳ ಮೇಲಿನ ಆರ್, ಎಫ್, ಪಿ ಎಂಬ ಅಕ್ಷರಗಳನ್ನು ತಮ್ಮ ಭಾಷೆಯ ಶಬ್ದಗಳಾಗಿ ಬಿಡಿಸಿ, ರಾಜ್ಯದಲ್ಲಿ ಹಣವಿಲ್ಲವೆಂಬ ಅರ್ಥ ಬರುವಂತೆ ಹಾಸ್ಯಮಾಡಿದರು. ಆದಾಗ್ಯೂ ಕಟ್ಟುವದನ್ನು ಅರಸನು ಬಿಡಲಿಲ್ಲ. 1637ರಿಂದ 1642ರ ವರೆಗೆ ಪಟ್ಟಣದ ಮಧ್ಯದಲ್ಲಿ ಸುಮಾರು 35 ಮೀಟರ್ ಎತ್ತರದ ದುಂಡುಗೋಪುರವನ್ನು ಎಬ್ಬಿಸಿದನು. ಒಳಗೆ ಮೆಟ್ಟಲುಗಳಿಗೆ ಬದಲಾಗಿ ಸುತ್ತುತ್ತಾ ಏರುವ 209 ಮೀಟರ್ ಉದ್ದದ ಇಳಿಜಾರು ದಾರಿಯುಂಟು. ನಕ್ಷತ್ರಗಳನ್ನು ನೋಡುವ ಸ್ಥಳವೂ ವಿದ್ಯಾರ್ಥಿಗಳ ದೇವಾಲಯವೂ ಪುಸ್ತಕಶಾಲೆಯೂ ಅಲ್ಲಿ ಒಂದಾಗಿ ಕೂಡಿದವು. ಅದರ ಹೊರಗೋಡೆಯ ಮೇಲೆ ಅಕ್ಷರಗಳನ್ನೂ ಚಿತ್ರಗಳನ್ನೂ ಬೆರಸಿದ ಒಂದು ಪ್ರಾರ್ಥನೆಯುಂಟು. ಸುಬೋಧವನ್ನೂ ನ್ಯಾಯವನ್ನೂ ತನ್ನ ಹೃದಯದಲ್ಲಿ ನೆಲೆಗೊಳಿಸಬೇಕೆಂದು ಅರಸನು ದೇವರನ್ನು ಬೇಡುವದು ಅದರ ಅರ್ಥ. ನ್ಯಾಯದ ಜಾಗದಲ್ಲಿ ಒಂದು ಕತ್ತಿ, ಹೃದಯದ ಜಾಗದಲ್ಲಿ ಒಂದು ಹೃದಯ ಬರೆದಿದೆ. ಅರಸನು ತಾನೇ ಅದನ್ನು ಕಾಗದದ ಮೇಲೆ ಬರೆದುಕೊಟ್ಟನು.

ಸುಂಕದಿಂದ ನೊಂದ ಹಾಲೆಂಡಿನ ವರ್ತಕರು ಸ್ವೀಡನಿಗೆ ಸ್ನೇಹಿತರಾದರು. 1643ನೇ ಇಸವಿಯ ಡಿಸೆಂಬರಿನಲ್ಲಿ ಸ್ವೀಡನಿನ ಸೇನಾಪತಿಯಾದ ಟೋರ್ಸ್ಟೆನ್ಸನು ಮುನ್ಸೂಚನೆಯಿಲ್ಲದೆ ದಕ್ಷಿಣದಿಂದ ನುಗ್ಗಿ ಯೂಟ್‌ಲ್ಯಾಂಡನ್ನು ಎರಡನೆಯ ಸಾರಿ ಹಾಳುಮಾಡಿದನು. ಈ ಸಾರಿ ಬಂದವರು ಕಥೋಲಿಕರಲ್ಲ, ಒಂದೇ ಲೂಥರನ ಮತದವರು. ಅರುವತ್ತೇಳು ವರ್ಷದ ಮುದುಕನಾದ ಅರಸನು ಹಿಂದೆ ನಿಲ್ಲದೆ ತ್ರಯೇಕತ್ವವೆಂಬ ಅರ್ಥದ ಹೆಸರುಳ್ಳ ತನ್ನ ದೊಡ್ಡ ಹಡಗನ್ನೇರಿದನು. 1644ನೇ ಇಸವಿಯ ಜುಲೈ ತಿಂಗಳ ಮೊದಲನೆಯ ದಿನ ಕೋಲ್ಬೆರ್ಗರ್ ಹೈಡೆ ಎಂಬಲ್ಲಿ ಸಮುದ್ರಯುದ್ಧವಾಯಿತು. ಶತ್ರುಗಳ ಗುಂಡು ತಗಲಿ ಚೂರುಗಳು ಹಾರಿದಾಗ ಸುತ್ತಲೂ ನಿಂತಿದ್ದವರು ಬಿದ್ದರು. ಅರಸನೂ ರಕ್ತಸುರಿಯುತ್ತಾ ಬಿದ್ದನು. ಅರಸನು ಸತ್ತನೆಂಬ ಕೂಗೆದ್ದಿತು. ಆದರೆ ಅವನು ಎದ್ದು, ಬಲಗಣ್ಣಿನ ದೃಷ್ಟಿ ಹೋದದ್ದನ್ನು ಲೆಕ್ಕಿಸದೆ, ತನ್ನ ಜನರು ಕಾಣುವಂತೆ ಹಡಗಿನ ಮೇಲೆ ನಿಂತು ಯುದ್ಧವನ್ನು ನಡಿಸಿದನು. ಅವನು ಎತ್ತರವಾದ ಕೂವೆಕಂಬದ ಬಳಿಯಲ್ಲಿ ನಿಂತದ್ದನ್ನು ಹೇಳುವ ಹಾಡು ಇಂದಿಗೂ ಡೆನ್ಮಾರ್ಕಿನ ರಾಜಗೀತೆಯಾಗಿದೆ. ಆ ದಿನದ ರಕ್ತದ ಕಲೆಗಳಿರುವ ಅವನ ಬಟ್ಟೆಗಳನ್ನು ರೊಸೆನ್‌ಬೋರ್ಗ್ ಅರಮನೆಯಲ್ಲಿ ಇಟ್ಟಿದ್ದಾರೆ.

ಆ ಧೈರ್ಯವು ದೇಶವನ್ನು ಉಳಿಸಲಾರದೆ ಹೋಯಿತು. ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ಸ್ವೀಡನಿನ ಹಡಗುಗಳೂ ಹಾಲೆಂಡಿನಿಂದ ಬಾಡಿಗೆಗೆ ಬಂದ ಹಡಗುಗಳೂ ಕೂಡಿ ಡೇನರ ನೌಕಾದಳವನ್ನು ಫೆಮರ್ನ್ ದ್ವೀಪದ ಬಳಿಯಲ್ಲಿ ಮುರಿದುಬಿಟ್ಟವು. 1645ರಲ್ಲಿ ಬ್ರೆಮ್ಸೆಬ್ರೋ ಎಂಬಲ್ಲಿ ಆದ ಒಡಂಬಡಿಕೆಯಂತೆ ಗೋಟ್‌ಲ್ಯಾಂಡ್, ಓಸೆಲ್ ಎಂಬ ದ್ವೀಪಗಳನ್ನೂ ನಾರ್ವೆಯ ಎರಡು ಸೀಮೆಗಳನ್ನೂ ಸ್ವೀಡನಿಗೆ ಬಿಟ್ಟುಕೊಡಬೇಕಾಯಿತು. ಹಲ್ಲಂಡ್ ಸೀಮೆಯನ್ನು ಮೂವತ್ತು ವರ್ಷಕ್ಕೆ ಒತ್ತೆಯಾಗಿ ಕೊಡಬೇಕಾಯಿತು. ಸ್ವೀಡನಿನ ಹಡಗುಗಳಿಗೆ ಸುಂಕವಿಲ್ಲವಾಯಿತು. 1647ರಲ್ಲಿ ಪಟ್ಟಕ್ಕೆ ಆರಿಸಲ್ಪಟ್ಟಿದ್ದ ಹಿರೇ ಕುಮಾರನು ಸತ್ತನು. ಒಂದು ಕಣ್ಣಿನ ಮುದಿ ಅರಸನು 1648ನೇ ಇಸವಿಯ ಫೆಬ್ರುವರಿಯಲ್ಲಿ ಕಾಯಿಲೆಯಿಂದಿರುವಾಗ, ತನಗೆ ಪ್ರಿಯವಾದ ರೊಸೆನ್‌ಬೋರ್ಗಿಗೆ ತನ್ನನ್ನು ಒಯ್ಯಿಸಿಕೊಂಡು, 28ನೇ ತಾರೀಕಿನಲ್ಲಿ ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟನು. ರೋಸ್ಕಿಲ್ಡೆಯ ದೊಡ್ಡ ದೇವಾಲಯದಲ್ಲಿ ತಾನೇ ಕಟ್ಟಿಸಿದ್ದ ಕೋಣೆಯಲ್ಲಿ ಅವನನ್ನು ಹೂಣಿಟ್ಟರು. ಹೆಜ್ಜಾರ್ಲೆಯ ಗುರುತುಳ್ಳ ಆ ಚಿನ್ನದ ಕಿರೀಟವು ಆಗ ಸಾಲಕ್ಕಾಗಿ ಸಾಹುಕಾರರಲ್ಲಿ ಒತ್ತೆಯಿತ್ತು. ಪ್ರಜೆಗಳಿಗಾಗಿ ತನ್ನ ಎದೆಯನ್ನು ಕೊಡಬೇಕಾಗಿದ್ದವನ ಸಾಲವನ್ನು ಪ್ರಜೆಗಳೇ ತೀರಿಸಬೇಕಾಯಿತು.

ಆದರೂ ಡೇನ್ ಜನರು ಈ ಅರಸನನ್ನು ಹಗೆಮಾಡಲಿಲ್ಲ. ತಮ್ಮ ಅರಸರಲ್ಲಿ ಇವನನ್ನೇ ಹೆಚ್ಚಾಗಿ ಪ್ರೀತಿಯಿಂದ ನೆನಸುತ್ತಾರೆ. ಯಾಕಂದರೆ ಆತನು ದೂರದಲ್ಲಿ ಕೂತು ಆಳಿದವನಲ್ಲ. ಬಡಗಿಯ ಪಕ್ಕದಲ್ಲಿಯೂ ನಾವಿಕನ ಪಕ್ಕದಲ್ಲಿಯೂ ನಿಂತವನು, ಅವರ ಸಂಗಡ ಗಾಯಪಟ್ಟವನು. ಅವನ ಆಳಿಕೆಯನ್ನು ಈಗ ಹಿಂದಿರುಗಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನಿಟ್ಟು ಲೆಕ್ಕ ನೋಡಿ ಕಟ್ಟಿದ್ದರಲ್ಲಿ ಬಹಳವು ಉಳಿದಿದೆ. ಇಂದಿಗೂ ಜನರು ದುಂಡುಗೋಪುರವನ್ನು ಏರುತ್ತಾರೆ. ಆಲೋಚನೆ ಹೇಳಿದವರ ಬಾಯನ್ನು ಮುಚ್ಚಿಸಿ, ಒಳ್ಳೆಯ ಕಾರಣದೊಂದಿಗೆ ಸ್ವಂತ ಆಶೆಯನ್ನು ಬೆರಸಿ, ಖಡ್ಗದಿಂದ ಹಿಡಿಯಹೋದದ್ದರಲ್ಲಿ ಒಂದು ಗೇಣು ಭೂಮಿಯೂ ಅವನಿಗೆ ಉಳಿಯಲಿಲ್ಲ.

ತರಂಗಂಬಾಡಿಯ ಸಂಗತಿಯನ್ನು ಹೇಳುವದಾಗಿ ಮೊದಲು ಮಾತು ಕೊಟ್ಟಿದ್ದೆವು. ಲಾಭವಿಲ್ಲದ ಆ ಕೋಟೆಯು ಡೇನರ ಕೈಯಲ್ಲೇ ಉಳಿದು, 1845ರಲ್ಲಿ ಇಂಗ್ಲಿಷರ ಕಂಪೆನಿಗೆ ಮಾರಲ್ಪಟ್ಟಿತು. ಆದರೆ ಅದರ ನಡುವೆ, 1706ನೇ ಇಸವಿಯ ಜುಲೈ ತಿಂಗಳಲ್ಲಿ, ಕ್ರಿಸ್ಟಿಯನನ ಮೊಮ್ಮಗನ ಮಗನಾದ ನಾಲ್ಕನೆಯ ಫ್ರೆಡೆರಿಕ್ ಅರಸನು ಕಳುಹಿಸಿದ ಬಾರ್ತೊಲೊಮೇಯುಸ್ ಸೀಗೆನ್‌ಬಾಲ್ಗ್, ಹೈನ್ರಿಕ್ ಪ್ಲೂಟ್ಚೌ ಎಂಬ ಇಬ್ಬರು ಯೌವನಸ್ಥರು ಅಲ್ಲಿ ಇಳಿದರು. ಇಂಡಿಯಾ ದೇಶಕ್ಕೆ ಬಂದ ಪ್ರೊಟೆಸ್ಟಂಟ್ ಮಿಶನರಿಗಳಲ್ಲಿ ಅವರೇ ಮೊದಲಿಗರು. ಸೀಗೆನ್‌ಬಾಲ್ಗನು ತಮಿಳು ಮಕ್ಕಳ ಸಂಗಡ ಮರಳಿನಲ್ಲಿ ಕೂತು ಅಕ್ಷರಗಳನ್ನು ಕಲಿತನು. ಹೊಸ ಒಡಂಬಡಿಕೆಯು ಅವನ ಪ್ರಯಾಸದಿಂದ ಅಲ್ಲಿಯೇ ತಮಿಳಿನಲ್ಲಿ ಅಚ್ಚಾಗಿ 1715ರಲ್ಲಿ ಮುಗಿಯಿತು. ಮೆಣಸಿಗಾಗಿ ಕಟ್ಟಿದ ಕೋಟೆಯ ಬಳಿಯಲ್ಲಿ ಹೀಗೆ ಬೇರೆ ಬೆಳೆ ಬೆಳೆಯಿತು. ಕ್ರಿಸ್ಟಿಯನನು ತನ್ನ ದೊಡ್ಡ ಯುದ್ಧಗಳಿಂದ ಸುವಾರ್ತೆಗೆ ಏನನ್ನು ಸಂಪಾದಿಸಿದನೋ ಅದನ್ನು ತೋರಿಸುವದು ಕಷ್ಟ. ಅವನು ನಷ್ಟದ ಲೆಕ್ಕದಲ್ಲಿ ಬರೆದಿದ್ದ ಈ ಚಿಕ್ಕ ಊರನ್ನು ಮಾತ್ರ ಸುಲಭವಾಗಿ ತೋರಿಸಬಹುದು.